ಬೆನ್ನೆಲುಬಿನ ಕ್ಷಯ

ಕ್ಷಯ ಎಂದೊಡನೆ ನೆನಪಿಗೆ ಬರುವುದು ಕೆಮ್ಮು, ಕಫ. ಆದರೆ ಕ್ಷಯದ ಬ್ಯಾಕ್ಟೀರಿಯ ರಕ್ತದ ಮೂಲಕ ಮೂಳೆಗಳನ್ನೂ ಸೇರಬಲ್ಲದು. ಕೆಲವೇ ರೋಗಿಗಳಲ್ಲಿ ಹೀಗಾಗುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರೋಗ ತಗಲುವುದು ಬೆನ್ನೆಲುಬಿಗೆ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಗೂನುಬೆನ್ನಿನೊಂದಿಗೆ ಕಾಲುಗಳ ಸ್ವಾಧೀನ ತಪ್ಪುವುದನ್ನು ವಿವರಿಸಿದ್ದರಿಂದ ಇದಕ್ಕೆ ‘ಪಾಟ್ ರೋಗ’ ಎಂಬ ಹೆಸರೂ ಇದೆ.

ಆರಂಭದಲ್ಲಿ ಇರುವುದು ಬರಿಯ ಬೆನ್ನುನೋವು. ನೋವಿನ ಗುಳಿಗೆ, ಎಣ್ಣೆ ತಿಕ್ಕುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಸಂಜೆಯ ಜ್ವರ, ತೂಕ ಇಳಿಯುವುದು ಎಲ್ಲರಲ್ಲೂ ಕಾಣುವುದಿಲ್ಲ. ಎಕ್ಸ್-ಕಿರಣ ಚಿತ್ರವೂ ಮೊದಮೊದಲು ಸಹಜವಾಗಿಯೇ ಇರಬಹುದು. ಮೂಳೆಯ ಖನಿಜಾಂಶ ಮೂರನೆಯ ಒಂದು ಭಾಗವಾದರೂ ನಷ್ಟವಾಗದೆ ಅದರಲ್ಲಿ ಏನೂ ಗೋಚರಿಸದು. ಎಂಆರ್‌ಐ ಇದನ್ನು ಬಹಳ ಮೊದಲೇ ತೋರಿಸುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಕೀವು ಉಂಟುಮಾಡುವ ಇತರ ಬ್ಯಾಕ್ಟೀರಿಯಗಳು ಪ್ರೋಟೀನು ಕರಗಿಸುವ ಎನ್‌ಜೈಮುಗಳಿಂದ ಕಶೇರುಗಳ ನಡುವಣ ಬಿಲ್ಲೆಯನ್ನು ಬೇಗ ನಾಶಮಾಡುತ್ತವೆ. ಕ್ಷಯಾಣುವಿಗೆ ಅಂಥ ಎನ್‌ಜೈಮುಗಳಿಲ್ಲದ ಕಾರಣ ಅಕ್ಕಪಕ್ಕದ ಮೂಳೆ ಸವೆದರೂ ಬಿಲ್ಲೆ ಬಹುಕಾಲ ಉಳಿದಿರುತ್ತದೆ. ಪಕ್ಕದಲ್ಲೇ ಬಾವು ಕಟ್ಟುತ್ತದೆ. ಅದರಲ್ಲಿ ಬಿಸಿಯಾಗಲಿ ಕೆಂಪಾಗಲಿ ಇಲ್ಲದ್ದರಿಂದ ಅದು ‘ಶೀತ ಬಾವು’.

ಇಷ್ಟಾದರೂ ಚಿತ್ರ ಹುಟ್ಟಿಸುವುದು ಸಂದೇಹವನ್ನು ಮಾತ್ರ. ಹಸಿಹಾಲು, ಜಾನುವಾರುಗಳಿಂದ ಬರುವ ಬ್ರೂಸೆಲ್ಲ ಸೋಂಕು, ಕ್ಯಾನ್ಸರ್ ಕೂಡ ಹೀಗೆಯೇ ಕಾಣಬಹುದು. ಆದ್ದರಿಂದ ಸಿಟಿ ಚಿತ್ರ ನೋಡುತ್ತ ಸೂಜಿಯಿಂದ ಮೂಳೆಯ ಚೂರು ತೆಗೆದು ಪರೀಕ್ಷಿಸಬೇಕು. ಕೃಷಿಮಾಧ್ಯಮದಲ್ಲಿ ಬೆಳೆಸಲು ವಾರಗಳು ಬೇಕು. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಸುಮಾರು ಎರಡು ಗಂಟೆಗಳಲ್ಲಿ ಕ್ಷಯಾಣುವಿನ ಡಿಎನ್‌ಎ ಗುರುತಿಸಿ, ಅದು ರಿಫಾಂಪಿಸಿನ್‌ಗೆ ಬಗ್ಗುವುದೇ ಎಂಬುದನ್ನೂ ತಿಳಿಸುತ್ತದೆ. ಮೂಳೆಯಲ್ಲಿ ರೋಗಾಣುಗಳು ವಿರಳ. ಹಾಗಾಗಿ ‘ಇಲ್ಲ’ ಎಂಬ ಉತ್ತರ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು.

ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಔಷಧಿಗೆ. ಭಾರತದಲ್ಲಿ ಸಾಮಾನ್ಯವಾಗಿ ಕನಿಷ್ಠ 12 ತಿಂಗಳು. ಹಾಂಗ್‌ಕಾಂಗಿನಲ್ಲಿ ಹಾಡ್ಜ್‌ಸನ್ ಮತ್ತು ಸ್ಟಾಕ್ 1950ರ ದಶಕದಲ್ಲಿ ಎದೆಯ ಕಡೆಯಿಂದ ಒಳಹೊಕ್ಕು, ಕೊಳೆತ ಮೂಳೆಯನ್ನು ತೆಗೆದು, ಅಲ್ಲಿ ರೋಗಿಯದೇ ಮೂಳೆಯನ್ನು ನಾಟಿಮಾಡುವ ವಿಧಾನ ರೂಪಿಸಿದರು. ಎಲ್ಲರಿಗೂ ಇದು ಬೇಕೆ? ವಾರಾಣಸಿಯ ಎಸ್.ಎಂ. ತುಲಿ 1975ರಲ್ಲಿ ಪ್ರಕಟಿಸಿದ ‘ನಡುದಾರಿ’ ಕ್ರಮದಲ್ಲಿ ಮೊದಲು ಔಷಧಿ, ವಿಶ್ರಾಂತಿ. ಅವುಗಳಿಂದ ಗುಣ ಕಾಣದವರಿಗಷ್ಟೇ ಶಸ್ತ್ರಕ್ರಿಯೆ. ಕಡಮೆ ಸೌಲಭ್ಯದ ದೇಶಗಳಿಗೆ ಇದು ದೊಡ್ಡ ಕೊಡುಗೆಯೇ ಸರಿ.

ಮಿದುಳುಬಳ್ಳಿ ಅದುಮಿ ಕಾಲುಗಳ ಬಲ ಕುಂದುತ್ತಿದ್ದರೆ, ಬೆನ್ನೆಲುಬು ಕುಸಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ. ಅದುಮುವ ಕೀವು, ಮೂಳೆಚೂರುಗಳನ್ನು ತೆಗೆದು, ಟೈಟೇನಿಯಮ್ ತಿರುಪು ಮತ್ತು ಸರಳುಗಳಿಂದ ಬೆನ್ನೆಲುಬನ್ನು ಬಿಗಿಯುತ್ತಾರೆ. ಅನಂತರವೂ ಮಾತ್ರೆಗಳನ್ನು ನಿಲ್ಲಿಸುವಂತಿಲ್ಲ. ಮಕ್ಕಳಲ್ಲಿ ಸೋಂಕು ವಾಸಿಯಾದ ಮೇಲೂ ಗೂನು ಹೆಚ್ಚಬಹುದು. ಬೆಳವಣಿಗೆ ಮುಗಿಯುವವರೆಗೆ ಅವರನ್ನು ಆಗಾಗ ತಪಾಸಣೆ ಮಾಡುತ್ತಿರಬೇಕಾಗುತ್ತದೆ.