ಗರಸುರಸ್ತೆಯ ಬೈಸಿಕಲ್ಲು: ಅಗಲವಾದ ಟೈರು ಮತ್ತು ಸ್ಪ್ರಿಂಗ್ ಫೋರ್ಕುಗಳ ತಾರತಮ್ಯ ವಿವೇಚನೆ

ಡಾಮರು ಕಾಣದ, ಗರಸು ಜಲ್ಲಿಗಳನ್ನು ಹರಡಿದ ರಸ್ತೆಗಳಲ್ಲಿ ದೂರಪ್ರಯಾಣ ಮಾಡುವುದಕ್ಕೆಂದೇ ನಿರ್ಮಿತವಾದ ಬೈಸಿಕಲ್ಲಿಗೆ ಗ್ರ್ಯಾವೆಲ್ ಬೈಸಿಕಲ್ಲೆಂದು ಹೆಸರು. ನೋಟಕ್ಕೆ ಅದು ಪಂದ್ಯದ ಬೈಸಿಕಲ್ಲನ್ನೇ ಹೋಲುತ್ತದೆ. ಕೆಳಕ್ಕೆ ಬಾಗಿದ ಹ್ಯಾಂಡಲು, ಹಗುರವಾದ ಚೌಕಟ್ಟು ಎರಡರಲ್ಲಿಯೂ ಒಂದೇ. ಭೇದವಿರುವುದು ಮುಖ್ಯವಾಗಿ ಟೈರಿನ ಅಗಲದಲ್ಲಿ. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಎಂಪೋರಿಯಾ ಪಟ್ಟಣದಿಂದ ಹೊರಟು, ಫ್ಲಿಂಟ್ ಹಿಲ್ಸ್ ಎಂಬ ಚಕಮಕಿ ಕಲ್ಲಿನ ಗುಡ್ಡಗಾಡಿನಲ್ಲಿ 200 ಮೈಲಿ ಸುತ್ತಿ ಬರುವ ಪಂದ್ಯವೊಂದು 2006ರಲ್ಲಿ ಆರಂಭವಾಯಿತು. ಇಂದು ಅನ್‌ಬೌಂಡ್ ಗ್ರ್ಯಾವೆಲ್ ಎಂದು ಕರೆಯಲ್ಪಡುವ ಆ ಪಂದ್ಯ ಈ ವರ್ಗದ ಬೈಸಿಕಲ್ಲಿನ ಬೆಳವಣಿಗೆಗೆ ಬಹುಮಟ್ಟಿಗೆ ಕಾರಣವಾಯಿತೆನ್ನಬಹುದು. 2022ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಇಟಲಿಯ ವೆನೆತೊ ಪ್ರಾಂತದಲ್ಲಿ ಗರಸುರಸ್ತೆಯ ಪ್ರಥಮ ವಿಶ್ವ ಚಾಂಪಿಯನ್ ಪಂದ್ಯವನ್ನು ನಡೆಸಿತು.

ಇಂಥ ರಸ್ತೆಯಲ್ಲಿ ಹತ್ತಾರು ಗಂಟೆ ಸಾಗುವವನ ಕೈಗಳು ಲಕ್ಷಾಂತರ ಪೆಟ್ಟುಗಳನ್ನು ಸಹಿಸಬೇಕಾಗುತ್ತದೆ. ಅಂಗೈಯ ಬುಡದಲ್ಲಿ ಹಾದುಹೋಗುವ ಅಲ್ನಾರ್ ನರವು ಬಹುಕಾಲ ಒತ್ತಡಕ್ಕೂ ಕಂಪನಕ್ಕೂ ಸಿಕ್ಕಿದರೆ ಕಿರುಬೆರಳು ಉಂಗುರಬೆರಳುಗಳು ಜೋಮುಹಿಡಿಯುತ್ತವೆ. ಬೆರಳ ಹಿಡಿತ ಸಡಿಲವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಬೇಕಾದುದು ಕೈಬೆರಳುಗಳೇ. ಆದುದರಿಂದ ಕಂಪನನಿವಾರಣೆಯೆಂಬುದು ಕೇವಲ ಸುಖದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ಇದಕ್ಕೆ ಇಂದು ಎರಡು ಉಪಾಯಗಳಿವೆ: ಟೈರನ್ನು ಅಗಲಮಾಡುವುದು ಒಂದು, ಮುಂಗಾಲಿಯನ್ನು ಹಿಡಿದಿರುವ ಫೋರ್ಕಿನೊಳಗೆ ಸ್ಪ್ರಿಂಗನ್ನೂ ತೈಲದ ಶಾಕ್ ಅಬ್ಸಾರ್ಬರನ್ನೂ ಅಳವಡಿಸುವುದು ಇನ್ನೊಂದು. ಇವುಗಳಲ್ಲಿ ಯಾವುದು ಮೇಲೆಂದು ಕೇಳುವುದು ವಾಡಿಕೆಯಾಗಿದೆ. ಇವೆರಡೂ ಒಂದೇ ಕೆಲಸವನ್ನು ಮಾಡುವ ಎರಡು ಸಾಧನಗಳಲ್ಲ, ಎರಡು ಬಗೆಯ ಒರಟುತನಕ್ಕೆ ಉತ್ತರಕೊಡುವ ಎರಡು ಸಾಧನಗಳು ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಟೈರನ್ನು ಪರಿಶೀಲಿಸೋಣ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗೆ ಗಾಳಿತುಂಬಿದ ರಬ್ಬರು ಕೊಳವೆಯನ್ನು ಸುತ್ತಿದಾಗ ಅವನು ಮಾಡಿದುದು ವಸ್ತುತಃ ಗಾಲಿಗೆ ಒಂದು ವಾಯುಸ್ಪ್ರಿಂಗನ್ನು ಕೊಟ್ಟದ್ದು. ಈ ಸ್ಪ್ರಿಂಗಿನ ವಿಶೇಷವೆಂದರೆ ಅದು ನೆಲಕ್ಕೂ ಗಾಲಿಗೂ ನಡುವೆಯೇ ಇರುವುದು. ಸಣ್ಣ ಕಲ್ಲೊಂದು ಅಡ್ಡಬಂದಾಗ ಗಾಲಿಯನ್ನಾಗಲಿ ಫೋರ್ಕನ್ನಾಗಲಿ ಮೇಲೆತ್ತದೆ, ಕೆಲವು ಗ್ರಾಮು ತೂಕದ ರಬ್ಬರು ಮಾತ್ರ ಒಳಕ್ಕೆ ಬಾಗಿ ಕಲ್ಲನ್ನು ನುಂಗಿಕೊಳ್ಳುತ್ತದೆ. ಚಲಿಸಬೇಕಾದ ದ್ರವ್ಯರಾಶಿ ಅತ್ಯಲ್ಪವಾದುದರಿಂದ ಎಷ್ಟೇ ಕ್ಷಿಪ್ರವಾದ ಪೆಟ್ಟಿಗೂ ಟೈರು ಒಡನೆಯೇ ಓಗೊಡುತ್ತದೆ.

ಅಗಲ ಹೆಚ್ಚಿದರೆ ಆಗುವ ಲಾಭವೇನು? ಟೈರಿನ ಬಟ್ಟೆಯ ಮೇಲೆ ಬೀಳುವ ಎಳೆತವು ಗಾಳಿಯ ಒತ್ತಡ ಮತ್ತು ಟೈರಿನ ತ್ರಿಜ್ಯ ಇವೆರಡರ ಗುಣಲಬ್ಧಕ್ಕೆ ಸಮ. ಆದಕಾರಣ 40 ಮಿಲಿಮೀಟರ್ ಅಗಲದ ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡು ಒತ್ತಡವಿದ್ದರೆ, 50 ಮಿಲಿಮೀಟರ್ ಟೈರಿನಲ್ಲಿ ಅದೇ ಬಿಗಿತ 24 ಪೌಂಡಿಗೇ ದೊರೆಯುತ್ತದೆ. ಮುಂಗಾಲಿಯ ಮೇಲೆ 40 ಕಿಲೋಗ್ರಾಂ ಭಾರವಿದೆಯೆಂದು ಭಾವಿಸಿದರೆ, ನೆಲವನ್ನು ಮುಟ್ಟುವ ವಿಸ್ತೀರ್ಣ ಮೊದಲನೆಯದರಲ್ಲಿ ಸುಮಾರು 19 ಚದರ ಸೆಂಟಿಮೀಟರ್, ಎರಡನೆಯದರಲ್ಲಿ ಸುಮಾರು 24. ಒಳಗಿನ ಗಾಳಿಯ ಗಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ರಿಮ್ಮು ಕಲ್ಲಿಗೆ ತಾಗುವುದಕ್ಕೆ ಮುಂಚೆ ಕುಗ್ಗಲು ಅವಕಾಶವೂ ಅಷ್ಟರಮಟ್ಟಿಗೆ ಅಧಿಕವಾಗುತ್ತದೆ. ಒಳಟ್ಯೂಬಿಲ್ಲದ ಟೈರುಗಳು ಬಳಕೆಗೆ ಬಂದಮೇಲೆ, ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಪಂಕ್ಚರಾಗುವ ಭಯ ತಪ್ಪಿ, ಇಂಥ ಕಡಿಮೆ ಒತ್ತಡಗಳು ಸಾಧ್ಯವಾದುವು.

ಅಗಲವಾದ ಮೆದು ಟೈರು ವೇಗವನ್ನು ಕುಂದಿಸುವುದೆಂಬ ನಂಬಿಕೆ ಬಹುಕಾಲ ಬೇರೂರಿತ್ತು. ನುಣುಪಾದ ಉಕ್ಕಿನ ಉರುಳೆಯ ಮೇಲೆ ಅಳೆದಾಗ ಹೆಚ್ಚು ಒತ್ತಡದ ಟೈರು ಸುಲಭವಾಗಿ ಉರುಳುವುದು ನಿಜ. ಆದರೆ ಆ ಉರುಳೆಯ ಮೇಲೆ ಸವಾರನಿರುವುದಿಲ್ಲ. ಒರಟು ನೆಲದಲ್ಲಿ ಗಡುಸಾದ ಟೈರು ಪ್ರತಿಯೊಂದು ಉಬ್ಬಿನಲ್ಲಿಯೂ ಬೈಸಿಕಲ್ಲನ್ನೂ ಸವಾರನನ್ನೂ ಎತ್ತಿ ಹಾಕುತ್ತದೆ. ಎತ್ತಲು ವ್ಯಯವಾದ ಶಕ್ತಿ ಮುನ್ನಡೆಗೆ ಹಿಂದಿರುಗಿ ಬಾರದೆ, ದೇಹದ ಸ್ನಾಯುಗಳಲ್ಲಿ ಉಷ್ಣವಾಗಿ ಕರಗಿಹೋಗುತ್ತದೆ. ಅಮೆರಿಕದ ಬೈಸಿಕಲ್ ಕ್ವಾರ್ಟರ್ಲಿ ಪತ್ರಿಕೆಯ ಸಂಪಾದಕ ಯಾನ್ ಹೈನೆ, ಹೆದ್ದಾರಿಯ ಅಂಚಿನಲ್ಲಿ ಎಚ್ಚರಿಕೆಗಾಗಿ ಕೊರೆದಿರುವ ತೋಡುಗಳ ಮೇಲೆ ನಿಜವಾದ ಸವಾರರನ್ನಿಟ್ಟು ಪ್ರಯೋಗ ನಡೆಸಿ, ಈ ನಷ್ಟ ಅಲಕ್ಷಿಸತಕ್ಕಷ್ಟು ಅಲ್ಪವಲ್ಲವೆಂದು ತೋರಿಸಿದನು. ಇತ್ತೀಚಿನ ವರ್ಷಗಳಲ್ಲಿ ಫ್ಲಿಂಟ್ ಹಿಲ್ಸಿನ ಪಂದ್ಯದಲ್ಲಿ ಮುಂಚೂಣಿಯ ಸವಾರರೇ ಎರಡು ಅಂಗುಲಕ್ಕೂ ಮೀರಿದ, ಬೆಟ್ಟದ ಬೈಸಿಕಲ್ಲಿನ ಟೈರುಗಳನ್ನು ಬಳಸತೊಡಗಿರುವುದು ಈ ಅರಿವಿನ ಫಲ.

ಹಾಗಾದರೆ ಸ್ಪ್ರಿಂಗ್ ಫೋರ್ಕಿಗೆ ಕೆಲಸವೇ ಇಲ್ಲವೆ? ಇದನ್ನು ನಿರ್ಣಯಿಸಲು ಭೌತಶಾಸ್ತ್ರದ ಪ್ರಾಥಮಿಕ ನಿಯಮವೊಂದು ನೆರವಾಗುತ್ತದೆ. ಭಾರ ಹೊತ್ತ ಸ್ಪ್ರಿಂಗಿಗೆ ತನ್ನದೇ ಆದ ಸಹಜ ಕಂಪನಾವೃತ್ತಿಯಿರುತ್ತದೆ. ಭಾರದಿಂದ ಸ್ಪ್ರಿಂಗು ಎಷ್ಟು ಕುಗ್ಗುವುದೋ ಅದರ ವರ್ಗಮೂಲಕ್ಕೆ ಈ ಆವೃತ್ತಿ ವಿಲೋಮ ಪ್ರಮಾಣದಲ್ಲಿರುತ್ತದೆ. ನೆಲದಿಂದ ಬರುವ ಕಂಪನದ ಆವೃತ್ತಿ ಸಹಜಾವೃತ್ತಿಯ 1.4 ಪಟ್ಟನ್ನು ಮೀರಿದಾಗ ಮಾತ್ರ ಸ್ಪ್ರಿಂಗು ಅದನ್ನು ತಗ್ಗಿಸಬಲ್ಲದು. ಅದಕ್ಕಿಂತ ಕೆಳಗೆ ತಗ್ಗಿಸುವುದಿರಲಿ, ಹೆಚ್ಚಿಸಿಯೇ ಬಿಡುತ್ತದೆ.

ಭಾರ ಬಿದ್ದಾಗ ಟೈರು ತನ್ನ ಎತ್ತರದ ನೂರಕ್ಕೆ 15ರಷ್ಟು ಕುಗ್ಗುವಂತೆ ಗಾಳಿ ತುಂಬಬೇಕೆಂಬುದು ಫ್ರ್ಯಾಂಕ್ ಬರ್ಟೊ ಪ್ರಚಾರಕ್ಕೆ ತಂದ ನಿಯಮ. ಅದರಂತೆ 40 ಮಿಲಿಮೀಟರ್ ಟೈರು 6 ಮಿಲಿಮೀಟರ್ ಕುಗ್ಗುತ್ತದೆ. ಸಹಜಾವೃತ್ತಿ ಸೆಕೆಂಡಿಗೆ ಸುಮಾರು 6.4. 50 ಮಿಲಿಮೀಟರ್ ಟೈರು 7.5 ಮಿಲಿಮೀಟರ್ ಕುಗ್ಗುತ್ತದೆ, ಸಹಜಾವೃತ್ತಿ 5.8. ಇನ್ನು 40 ಮಿಲಿಮೀಟರ್ ಚಲನೆಯುಳ್ಳ ಫೋರ್ಕನ್ನು ಭಾರಕ್ಕೆ 8 ಮಿಲಿಮೀಟರ್ ಕುಗ್ಗುವಂತೆ ಸರಿಪಡಿಸಿ 40ರ ಟೈರಿನೊಡನೆ ಬಳಸಿದರೆ ಒಟ್ಟು ಕುಗ್ಗು 14 ಮಿಲಿಮೀಟರ್, ಸಹಜಾವೃತ್ತಿ 4.2ಕ್ಕೆ ಇಳಿಯುತ್ತದೆ.

ಈಗ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಾಗುವ ಸವಾರನನ್ನು ಕಲ್ಪಿಸಿಕೊಳ್ಳೋಣ. ಐದೈದು ಸೆಂಟಿಮೀಟರಿಗೆ ಒಂದರಂತೆ ಬಿದ್ದಿರುವ ಜಲ್ಲಿಕಲ್ಲುಗಳು ಸೆಕೆಂಡಿಗೆ ಸುಮಾರು 140 ಪೆಟ್ಟುಗಳನ್ನು ಕೊಡುತ್ತವೆ. ಇದು ಮೇಲಿನ ಎಲ್ಲ ಸಹಜಾವೃತ್ತಿಗಳನ್ನೂ ಬಹುದೂರ ಮೀರಿದುದು. ಟೈರೊಂದೇ ಅದನ್ನು ಅಡಗಿಸಬಲ್ಲದು. ಆದರೆ ವಾಹನಗಳ ಓಡಾಟದಿಂದ ಗರಸುರಸ್ತೆಯಲ್ಲಿ ತಗಡಿನ ಮಡಿಕೆಗಳಂತೆ ಅಡ್ಡ ಅಲೆಗಳು ಏಳುವುದುಂಟು. ಅಲೆಯಿಂದ ಅಲೆಗೆ 60 ಸೆಂಟಿಮೀಟರ್ ಅಂತರವಿದ್ದರೆ ಪೆಟ್ಟುಗಳು ಸೆಕೆಂಡಿಗೆ 11 ಅಥವಾ 12. ಇಂಥಲ್ಲಿ 40ರ ಟೈರು ಅಲೆಯ ಸುಮಾರು ನೂರಕ್ಕೆ 44 ಪಾಲನ್ನೂ, 50ರ ಟೈರು 33 ಪಾಲನ್ನೂ, ಫೋರ್ಕು ಸೇರಿದಾಗ 15 ಪಾಲನ್ನೂ ಮೇಲಕ್ಕೆ ದಾಟಿಸುತ್ತವೆ. ಏರಿನಲ್ಲಿ ವೇಗ 18 ಕಿಲೋಮೀಟರಿಗೆ ಇಳಿದರೆ 40ರ ಟೈರು ಅಲೆಯನ್ನು 1.4 ಪಟ್ಟಿಗಿಂತ ಹೆಚ್ಚು ಮಾಡಿ ಕೊಡುತ್ತದೆ. 50ರದು ಇದ್ದಂತೆಯೇ ದಾಟಿಸುತ್ತದೆ. ಫೋರ್ಕು ಮಾತ್ರ ಮೂರರಲ್ಲಿ ಒಂದು ಪಾಲಿಗೆ ತಗ್ಗಿಸುತ್ತದೆ. ಕೈ ಮತ್ತು ತೋಳುಗಳಿಗೆ ಅತ್ಯಂತ ಬಾಧಕವಾದ ಕಂಪನ ಸೆಕೆಂಡಿಗೆ ಸುಮಾರು 8ರಿಂದ 16ರವರೆಗಿನದೆಂದು ಅಂತರರಾಷ್ಟ್ರೀಯ ಮಾನಕಗಳು ಪರಿಗಣಿಸುತ್ತವೆ. ಈ ಅಲೆಗಳು ಸರಿಯಾಗಿ ಆ ಮೇರೆಯೊಳಗೇ ಬೀಳುತ್ತವೆಂಬುದು ಗಮನಾರ್ಹ.

ಇವು ಆದರ್ಶ ಸ್ಥಿತಿಯ ಲೆಕ್ಕಗಳು. ಸವಾರನ ದೇಹ ಜಡವಾದ ಭಾರವಲ್ಲ. ಅವನ ಮೊಣಕೈ ಮೊಣಕಾಲುಗಳೂ ಸ್ಪ್ರಿಂಗುಗಳೇ. ಘರ್ಷಣೆಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ತಾರತಮ್ಯದ ದಿಕ್ಕು ಇವುಗಳಿಂದ ಸ್ಪಷ್ಟವಾಗುತ್ತದೆ. ಇದರೊಡನೆ ಇನ್ನೊಂದು ಗುಣವನ್ನೂ ಹೇಳಬೇಕು. ಟೈರು ಕುಗ್ಗಿದ ಮೇಲೆ ಪುಟಿಯುತ್ತದೆ. ಆ ಪುಟಿತವನ್ನು ತಣಿಸುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಫೋರ್ಕಿನೊಳಗಿನ ತೈಲವಾದರೋ ಕಿರುರಂಧ್ರಗಳ ಮೂಲಕ ಹರಿಯುತ್ತ ಚಲನೆಯನ್ನು ಉಷ್ಣವಾಗಿ ಮಾರ್ಪಡಿಸುತ್ತದೆ. ಆದುದರಿಂದ ವೇಗದ ಇಳಿಜಾರಿನಲ್ಲಿ ಗುಂಡಿ ಬೇರುಗಳ ಮೇಲೆ ಹಾಯುವಾಗ ಗಾಲಿಯನ್ನು ನೆಲಕ್ಕೆ ಅಂಟಿಸಿ ಹಿಡಿಯುವ ಕೆಲಸದಲ್ಲಿ ಫೋರ್ಕಿಗೆ ಟೈರು ಸಾಟಿಯಲ್ಲ.

ಆದರೆ ಫೋರ್ಕಿಗೂ ಮಿತಿಗಳಿವೆ. ಅದರ ಕೊಳವೆಗಳನ್ನು ಬಿಗಿಯಾಗಿ ಅಪ್ಪಿರುವ ರಬ್ಬರು ಸೀಲುಗಳ ಘರ್ಷಣೆಯನ್ನು ಮೀರುವಷ್ಟು ಬಲ ಬಂದಲ್ಲದೆ ಅದು ಕದಲುವುದಿಲ್ಲ. ಸಣ್ಣ ಜಲ್ಲಿಯ ಮೇಲೆ ಅದು ಬಹುಮಟ್ಟಿಗೆ ಗಡುಸಾದ ಫೋರ್ಕೇ. ಅದು ಮುಂಗಾಲಿಗೆ ಮಾತ್ರ ಸಂಬಂಧಿಸಿದುದು; ಭಾರದ ಹೆಚ್ಚಿನ ಪಾಲು ಹೊರುವ ಹಿಂಗಾಲಿಗೆ ಅದರಿಂದ ಏನೂ ಪ್ರಯೋಜನವಿಲ್ಲ. 2021ರಲ್ಲಿ ರಾಕ್‌ಶಾಕ್ಸ್ ಮತ್ತು ಫಾಕ್ಸ್ ಸಂಸ್ಥೆಗಳು ಈ ಬೈಸಿಕಲ್ಲುಗಳಿಗಾಗಿ ಹೊರತಂದ, 30ರಿಂದ 50 ಮಿಲಿಮೀಟರ್ ಚಲನೆಯ ಫೋರ್ಕುಗಳು ಸುಮಾರು ಒಂದೂಕಾಲು ಕಿಲೋಗ್ರಾಂ ತೂಗುತ್ತವೆ. ಇಂಗಾಲನಾರಿನ ಗಡುಸು ಫೋರ್ಕು ಅದರ ಅರ್ಧಕ್ಕಿಂತಲೂ ಕಡಿಮೆ. ಬೆಲೆ ಒಂದು ಜೊತೆ ಟೈರಿನ ಹಲವು ಪಟ್ಟು. ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಕೆಳಭಾಗವನ್ನು ಬಿಚ್ಚಿ ಶುಚಿಮಾಡಿ ತೈಲ ಬದಲಾಯಿಸಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಪ್ರಿಂಗ್ ಫೋರ್ಕು ಗಡುಸು ಫೋರ್ಕಿಗಿಂತ ಉದ್ದವಾದುದು. ಗಾಲಿಗಳ ನಡುವಣ ಅಂತರ ಒಂದು ಮೀಟರಿಗೆ ತುಸು ಮೇಲಿರುವ ಬೈಸಿಕಲ್ಲಿನ ಮುಂಭಾಗವನ್ನು 30 ಮಿಲಿಮೀಟರ್ ಎತ್ತಿದರೆ ಚೌಕಟ್ಟೆಲ್ಲವೂ ಒಂದೂವರೆ ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ವಾಲುತ್ತದೆ. ಹ್ಯಾಂಡಲು ತಿರುಗುವ ರೀತಿಯೇ ಬೇರೆಯಾಗುತ್ತದೆ. ಈ ಉದ್ದವನ್ನು ನಿರೀಕ್ಷಿಸಿ ರಚಿಸಿದ ಚೌಕಟ್ಟಿಗೆ ಮಾತ್ರ ಇದನ್ನು ತೊಡಿಸುವುದು ಯುಕ್ತ.

ಈ ವಿಚಾರದಲ್ಲಿ ಉತ್ತರ ಫ್ರಾನ್ಸಿನ ಪ್ಯಾರಿಸ್–ರೂಬೆ ಪಂದ್ಯದ ಇತಿಹಾಸ ಬೋಧಪ್ರದವಾಗಿದೆ. ಕಲ್ಲುಹಾಸಿನ ಹಳೆಯ ಹಾದಿಗಳಲ್ಲಿ ನಡೆಯುವ ಆ ಪಂದ್ಯವನ್ನು 1992 ಮತ್ತು 1993ರಲ್ಲಿ ಜಿಲ್ಬೆರ್ ದ್ಯುಕ್ಲೊ-ಲಸಾಲ್, 1994ರಲ್ಲಿ ಆಂದ್ರೇ ಚ್ಮಿಲ್ ಇವರು ಸ್ಪ್ರಿಂಗ್ ಫೋರ್ಕುಗಳಿಂದಲೇ ಗೆದ್ದರು. ಆದರೂ ಕೆಲವೇ ವರ್ಷಗಳಲ್ಲಿ ಆ ಫೋರ್ಕುಗಳು ಅಲ್ಲಿಂದ ಮರೆಯಾದುವು. ಅಂದಿನ ರಿಮ್ ಬ್ರೇಕುಗಳ ಕವೆಯೊಳಗೆ ಅಗಲವಾದ ಟೈರಿಗೆ ಎಡೆಯಿರಲಿಲ್ಲ. 2018ರಲ್ಲಿ ರಸ್ತೆಪಂದ್ಯಗಳಿಗೆ ಡಿಸ್ಕ್ ಬ್ರೇಕು ವಿಧಿಪೂರ್ವಕವಾಗಿ ಅಂಗೀಕೃತವಾದಮೇಲೆ ಆ ಅಡ್ಡಿ ನೀಗಿತು; ಈಗ 30, 32 ಮಿಲಿಮೀಟರಿನ ಟೈರುಗಳು ಅಲ್ಲಿ ಸಾಮಾನ್ಯವಾಗಿವೆ. 2024ರಲ್ಲಿ ಆ ಪಂದ್ಯ ಗಂಟೆಗೆ 47 ಕಿಲೋಮೀಟರಿಗೂ ಮೀರಿದ ಸರಾಸರಿ ವೇಗದಲ್ಲಿ ಮುಗಿಯಿತು. ಕಲ್ಲುಹಾಸಿನ ಒರಟುತನ ಚಿಕ್ಕದಾದುದೂ ಒತ್ತೊತ್ತಾದುದೂ ಆದುದರಿಂದ, ಟೈರಿಗೆ ಅವಕಾಶ ದೊರೆತೊಡನೆ ಫೋರ್ಕಿನ ಅಗತ್ಯ ಕಡಿಮೆಯಾಯಿತೆಂದು ಇದನ್ನು ಅರ್ಥೈಸಬಹುದು.

ಒಟ್ಟಿನಲ್ಲಿ ಆಯ್ಕೆಯ ಕ್ರಮ ಹೀಗಿರತಕ್ಕದ್ದು. ಮೊದಲು, ಚೌಕಟ್ಟು ಮತ್ತು ಫೋರ್ಕುಗಳ ಎಡೆಯಲ್ಲಿ ಕೆಸರಿಗೂ ತುಸು ಜಾಗ ಉಳಿಯುವಂತೆ ಹಿಡಿಯಬಹುದಾದಷ್ಟು ಅಗಲವಾದ ಟೈರನ್ನು ಹಾಕಿ, ಒತ್ತಡವನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ಅಗಲವಾದ ಟೈರಿಗೆ ಹಳೆಯ ಒತ್ತಡವನ್ನೇ ತುಂಬಿ ಲಾಭ ಕಾಣಲಿಲ್ಲವೆನ್ನುವುದು ಯುಕ್ತವಲ್ಲ. ಅನಂತರವೂ ಬಾಧೆ ಉಳಿದರೆ ಅದು ಎಲ್ಲಿ, ಎಂಥದೆಂದು ನಿರ್ಧರಿಸಬೇಕು. ಬಾಧೆ ಬೆನ್ನಿಗೂ ಸೊಂಟಕ್ಕೂ ಆಗಿದ್ದರೆ ಮುಂದಿನ ಫೋರ್ಕು ಅದನ್ನು ಪರಿಹರಿಸಲಾರದು. ಅಡ್ಡ ಅಲೆಗಳ ಮೇಲೆ, ಗುಂಡಿಬಿದ್ದ ಇಳಿಜಾರುಗಳ ಮೇಲೆ ಕೈ ಜೋಮುಹಿಡಿದು ಬ್ರೇಕಿನ ಹಿಡಿತ ತಪ್ಪುವಂತಿದ್ದರೆ, ಚೌಕಟ್ಟು ಒಪ್ಪುವುದಾದಲ್ಲಿ, ಫೋರ್ಕಿನ ತೂಕವನ್ನೂ ಬೆಲೆಯನ್ನೂ ಹೊರುವುದು ಸಾರ್ಥಕ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಕಂಪನ ಮತ್ತು ಅನುರಣನಗಳ ಪಾಠಕ್ಕೆ ಸಾಧಾರಣವಾಗಿ ತೂಗುಗುಂಡನ್ನೋ ತೂಗುಹಾಕಿದ ಸ್ಪ್ರಿಂಗನ್ನೋ ಬಳಸುವುದು ರೂಢಿ. ಹ್ಯಾಂಡಲಿಗೆ ವೇಗೋತ್ಕರ್ಷಮಾಪಕವೊಂದನ್ನು ಕಟ್ಟಿ, ಟೈರಿನ ಒತ್ತಡವನ್ನು ಐದೈದು ಪೌಂಡು ಇಳಿಸುತ್ತ, ಒಂದೇ ವೇಗದಲ್ಲಿ ಒಂದೇ ರಸ್ತೆಯನ್ನು ಹಾದು ಅಳತೆ ತೆಗೆದರೆ, ಮೇಲೆ ಹೇಳಿದ ಲೆಕ್ಕಗಳ ಸಾಧುತ್ವವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದಾಗಿದೆ.