ಏರಿಸುವುದು ಜೀಪು, ಇಳಿಸುವುದು ನಾವು

ಮಾರನಹಳ್ಳಿ ದಾಟಿದರೆ ಶಿರಾಡಿ ಘಾಟಿ. ರಾಷ್ಟ್ರೀಯ ಹೆದ್ದಾರಿ 75 ಬಿಟ್ಟು ಯಾವುದಾದರೂ ತೋಟದ ದಾರಿಗೆ ಹೊರಳಿ ನೋಡಿ: ಕೆಂಪು ಮಣ್ಣಿನ ಏರು, ಇಳಿಜಾರು, ತಿರುವಿಗೊಂದು ಮೋರಿ. ಈ ದಾರಿಗಳಲ್ಲೇ ನಾವು ಜೀಪಿಗೆ ಟ್ರೇಲರು ಕಟ್ಟಿ ಕಾಫಿ ಮೂಟೆ, ಗೊಬ್ಬರ, ಸೌದೆ ಸಾಗಿಸುವುದು. ಕ್ಯಾಂಪರ್ ಟ್ರೇಲರ್ ತಂದು ಬೆಟ್ಟದಲ್ಲಿ ತಂಗಬೇಕೆನ್ನುವವರು ಮೊದಲು ಕೇಳುವುದು, "ಯಾವ ಗಾಡಿ ಚೆನ್ನಾಗಿ ಎಳೆಯುತ್ತೆ ಸಾರ್?" ಎಳೆಯುವ ಕೆಲಸ ಎಂಜಿನ್ನಿನದು, ಅದು ಮಾಡಿಕೊಳ್ಳುತ್ತದೆ. ಇಳಿಸುವುದು ಹೇಗೆ ಅಂತ ಕೇಳಿ.

ನಮ್ಮ ಟ್ರೇಲರಿಗೆ ಬ್ರೇಕಿಲ್ಲ. ಒಟ್ಟು ತೂಕ 750 ಕಿಲೋ ದಾಟಿದರೆ ಟ್ರೇಲರಿಗೇ ಬ್ರೇಕಿರಬೇಕು ಎಂದು ಯುರೋಪ್, ಆಸ್ಟ್ರೇಲಿಯಾಗಳ ನಿಯಮ. ಖಾಲಿ ಟ್ರೇಲರು 250 ಕಿಲೋ ತೂಗಿದರೆ, 50 ಕಿಲೋದ 10 ಮೂಟೆಗೆ ಆ ಲೆಕ್ಕ ಮುಗಿಯಿತು. ಇಳಿಜಾರಿನಲ್ಲಿ ಅಷ್ಟೂ ಭಾರ ಜೀಪಿನ ಬೆನ್ನಿಗೆ ಬೀಳುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನದು ನೇರಕ್ಕೆ ನುಗ್ಗಿ ಜೀಪಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಲೋ ಗೇರು ಹಾಕಿ, ಕ್ಲಚ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಬ್ರೇಕ್ ಬೇಕಾದರೆ ತಿರುವಿಗೆ ಮುಂಚೆ, ದಾರಿ ನೇರವಿರುವಾಗ.

ಅರ್ಧ ಜೋಪಾನ ಭಾರ ಹೇರುವಾಗಲೇ ಆಗಬೇಕು. ಭಾರವಾದದ್ದು ಅಚ್ಚಿನ ಮೇಲೆ, ತುಸು ಮುಂದಕ್ಕೆ, ಆದಷ್ಟು ತಳದಲ್ಲಿರಲಿ. ಒಟ್ಟು ತೂಕದ ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಹಿಂದೆ ಹೆಚ್ಚಾದರೆ ಕೊಂಡಿ ಮೇಲೇಳುತ್ತದೆ, ಜೀಪಿನ ಹಿಂಗಾಲಿಗಳ ಹಿಡಿತ ಸಡಿಲವಾಗುತ್ತದೆ, ಟ್ರೇಲರು ಬಾಲ ಬೀಸತೊಡಗುತ್ತದೆ. ಮೂಟೆ ಹೇರಿದ ಮೇಲೆ ನಮ್ಮ ಹುಡುಗ ಟ್ರೇಲರಿನ ಮೂತಿ ಎತ್ತಿ ನೋಡುತ್ತಾನೆ. "ಒಂದೇ ಕೈಲಿ ಬಂತು ಅಣ್ಣ" ಅಂದರೆ ಎರಡು ಮೂಟೆ ಮುಂದಕ್ಕೆ ಎಳೆಯುತ್ತೇವೆ. ಆಮೇಲೆ ಪಿನ್ನು, ಪಿನ್ನಿಗೊಂದು ಕ್ಲಿಪ್ಪು. ಪಿನ್ನು ಕೈಕೊಟ್ಟರೂ ಟ್ರೇಲರು ಬಿಟ್ಟುಹೋಗದಂತೆ ಎರಡು ಸರಪಳಿ, ಮೂತಿಯ ಅಡಿಯಲ್ಲಿ ಅಡ್ಡಡ್ಡ.

ಟ್ರೇಲರು ಯಾವತ್ತೂ ಒಳತಿರುವು ಕಡಿದು ಬರುತ್ತದೆ, ಆದ್ದರಿಂದ ಮೋರಿ ಬಳಿ ಜೀಪನ್ನು ಹೊರಗಿನಿಂದ ಸುತ್ತಿಸಿ. ರಿವರ್ಸಿನಲ್ಲಿ ಸ್ಟಿಯರಿಂಗಿನ ಕೆಳತುದಿ ಹಿಡಿಯಿರಿ. ಕೈ ಹೋದ ಕಡೆಗೇ ಟ್ರೇಲರು ಹೋಗುತ್ತದೆ. ಹಿಂದೆ ನಿಂತು ದಾರಿ ಹೇಳುವವರು ಕನ್ನಡಿಯಲ್ಲಿ ಕಾಣುತ್ತಿರಬೇಕು. ಕೊಂಡಿ ಬಿಡಿಸುವ ಮುಂಚೆ ಚಕ್ರಕ್ಕೆ ಕಲ್ಲು ಕೊಡಿ.

ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ಮೂಟೆಗಳ ಮೇಲೇ ಆಳುಗಳನ್ನು ಕೂರಿಸಿಕೊಂಡು ಬರುವುದುಂಟು. ಅದು ಬೇಡವೇ ಬೇಡ. ಟ್ರೇಲರು ಮಗುಚಿದರೆ ಮೂಟೆ ಮತ್ತೆ ತುಂಬಬಹುದು.

ಮಳೆ ಬಿದ್ದ ಇಳಿಜಾರನ್ನು ಮೊದಲು ನಡೆದು ನೋಡಿ. ನಿಮ್ಮ ಕಾಲೇ ಜಾರಿದರೆ ಟ್ರೇಲರನ್ನು ಮೇಲೆಯೇ ಬಿಟ್ಟು, ಸಾಮಾನನ್ನು ಜೀಪಿನಲ್ಲೇ ಎರಡು ಸಲ ಇಳಿಸಿ. ಹೆಚ್ಚು ಹೋಗುವುದು ಒಂದಿಷ್ಟು ಡೀಸೆಲ್, ಅಷ್ಟೆ.