ಮೊದಲು ಬಡಾವಣೆ, ಆಮೇಲೆ ಮನೆ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ವಾಸ ಬದಲಿಸುವವರ ಹುಡುಕಾಟ ಸಾಮಾನ್ಯವಾಗಿ ಮನೆಯಿಂದಲೇ ಶುರುವಾಗುತ್ತದೆ. ಎಷ್ಟು ಕೋಣೆ, ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಗಾಡಿ ನಿಲ್ಲಿಸಲು ಜಾಗ ಇದೆಯೇ ಎಂಬಷ್ಟರಲ್ಲಿ ಮಾತು ಮುಗಿಯುತ್ತದೆ. ಅಡುಗೆಮನೆ ಇಕ್ಕಟ್ಟಾಗಿದ್ದರೆ ಹೇಗೋ ಹೊಂದಿಸಿಕೊಳ್ಳಬಹುದು. ನಲ್ಲಿಯಲ್ಲಿ ನೀರು ಬಾರದ, ಮಳೆಗೆ ರಸ್ತೆ ಮುಳುಗುವ, ಶಾಲೆಯ ವ್ಯಾನು ಹತ್ತಿಸಲು ನಸುಕಿನಲ್ಲೇ ಮಗುವನ್ನು ಎಬ್ಬಿಸಬೇಕಾದ ಬಡಾವಣೆಯನ್ನು ಮಾತ್ರ ಯಾವ ಬಾಡಿಗೆದಾರನೂ ರಿಪೇರಿ ಮಾಡಿಸಲಾರ. ಆದ್ದರಿಂದ ಆಯ್ಕೆಯ ಕ್ರಮ ತಿರುಗಬೇಕು: ಮೊದಲು ಶಾಲೆ, ನಂತರ ನೀರು, ಆಮೇಲೆ ಓಡಾಟ, ಮನೆ ಕೊನೆಗೆ.

ಬಡಾವಣೆಗಳ ವಯಸ್ಸು

ಬೆಂಗಳೂರಿನ ಬಡಾವಣೆ ಯಾವ ಕಾಲದ್ದು ಎಂದು ಗೊತ್ತಾದರೆ ಅಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮಾರುಕಟ್ಟೆ, ದೇವಸ್ಥಾನ, ಶಾಲೆ, ಆಸ್ಪತ್ರೆ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ರೂಪುಗೊಂಡ ಜಯನಗರ, ರಾಜಾಜಿನಗರಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಆಟದ ಮೈದಾನ ಮತ್ತು ಉದ್ಯಾನಗಳಿಗೆ ಜಾಗ ಬಿಟ್ಟು ಕಟ್ಟಲಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.) ಬಂದಮೇಲೆ ಎಚ್.ಎಸ್.ಆರ್., ಎಚ್.ಆರ್.ಬಿ.ಆರ್. ಮುಂತಾದ ಬಡಾವಣೆಗಳು ಎದ್ದವು. ಬಿ.ಡಿ.ಎ. ಬಡಾವಣೆಗಳಲ್ಲಿ ರಸ್ತೆಯ ಅಗಲ, ಚರಂಡಿ, ಪಾರ್ಕುಗಳಿಗೆ ನಕ್ಷೆಯಲ್ಲೇ ಜಾಗವಿರುತ್ತದೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿ.ಬಿ.ಎಂ.ಪಿ.) ರಚನೆಯಾಯಿತು. ಹೊರವಲಯದಲ್ಲಿ ಇಂದು ಕಾಣುವ ಅಪಾರ್ಟ್‌ಮೆಂಟುಗಳು, ರೆವಿನ್ಯೂ ಸೈಟುಗಳು ಹೆಚ್ಚಾಗಿ ಈ ಹಳ್ಳಿಗಳ ಹೊಲ, ತೋಟಗಳ ಮೇಲೆ ನಿಂತಿವೆ. ಕಟ್ಟಡಗಳು ಮೊದಲು ಎದ್ದವು. ನೀರಿನ ಕೊಳವೆ, ಒಳಚರಂಡಿ, ಅಗಲವಾದ ರಸ್ತೆ ಹಿಂದಿನಿಂದ ಬರುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ.ಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ನೋಡುತ್ತಿರುವ ಮನೆ ಯಾವ ಪಾಲಿಕೆಗೆ ಸೇರಿದೆ, ಅಥವಾ ಇನ್ನೂ ಗ್ರಾಮ ಪಂಚಾಯಿತಿಯಲ್ಲೇ ಇದೆಯೇ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ. ಕಸ, ಬೀದಿದೀಪ, ಚರಂಡಿಯ ದೂರು ಒಯ್ಯಬೇಕಾದ ಕಚೇರಿ ಯಾವುದೆಂದು ಅದರಿಂದಲೇ ತಿಳಿಯುತ್ತದೆ.

ಮಗುವಿನ ವಯಸ್ಸಿಗೆ ತಕ್ಕ ಬಡಾವಣೆ

ಮೂರು ವರ್ಷದೊಳಗಿನ ಮಗುವಿಗೆ ಶಾಲೆಗಿಂತ ಡಾಕ್ಟರು ಹತ್ತಿರವಿರಬೇಕು. ರಾತ್ರಿ ಜ್ವರ ಏರಿದಾಗ ತಲುಪಬಹುದಾದ ಮಕ್ಕಳ ವೈದ್ಯರು, ಲಸಿಕೆ ಹಾಕುವ ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿವೆ ಎಂದು ಮೊದಲೇ ನೋಡಿಕೊಳ್ಳಬೇಕು. ಲಸಿಕೆಯ ವಿವರವಿರುವ ತಾಯಿ ಕಾರ್ಡ್ ಜೊತೆಗಿದ್ದರೆ ಊರಿನಲ್ಲಿ ನಿಂತ ಲಸಿಕೆಯನ್ನು ಇಲ್ಲಿ ಮುಂದುವರಿಸುವುದು ಸುಲಭ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಶಿಶುಪಾಲನಾ ಕೇಂದ್ರದ ಪ್ರಶ್ನೆಯೂ ಇದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಈ ಸೌಲಭ್ಯ ಕೊಡಬೇಕೆಂದು ವಿಧಿಸಿತು. ಕಚೇರಿಯ ಬಳಿಯೇ ಮಗುವನ್ನು ಬಿಡುವಂತಿದ್ದರೆ ಮನೆಯೂ ಕಚೇರಿಗೆ ಹತ್ತಿರವಿರುವುದು ಅನುಕೂಲ. ಅಜ್ಜಿ ತಾತ ನೋಡಿಕೊಳ್ಳುವುದಾದರೆ ಲೆಕ್ಕವೇ ಬೇರೆ. ಆಗ ಲಿಫ್ಟು, ಹತ್ತಿರದ ಪಾರ್ಕು, ಹಿರಿಯರಿಗೆ ಮಾತಿಗೆ ಸಿಗುವ ನೆರೆಹೊರೆ ಮುಖ್ಯವಾಗುತ್ತವೆ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯೋ ನರ್ಸರಿಯೋ ನಡೆದು ಹೋಗುವಷ್ಟು ಹತ್ತಿರವಿರಬೇಕು. ಈ ವಯಸ್ಸಿಗೆ ಹೆಸರುವಾಸಿ ಸಂಸ್ಥೆಗಾಗಿ ದೂರ ಹೋಗುವುದರಲ್ಲಿ ಲಾಭ ಕಡಿಮೆ, ದಣಿವು ಹೆಚ್ಚು.

ಒಂದನೇ ತರಗತಿಯಿಂದ ಮುಂದೆ ಶಾಲೆಯೇ ಬಡಾವಣೆಯನ್ನು ನಿರ್ಧರಿಸುತ್ತದೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ರಾಜ್ಯದ ನಿಯಮ. 2025–26ರ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ಮಗುವಿನ ಹುಟ್ಟಿದ ದಿನಾಂಕ ಅಂಚಿನಲ್ಲಿದ್ದರೆ ಆ ವರ್ಷದ ಆದೇಶವನ್ನು ಕೇಳಿ ತಿಳಿಯಬೇಕು. ಖಾಸಗಿ ಶಾಲೆಗಳಲ್ಲಿ ಪ್ರವೇಶ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಶುರುವಾಗುವುದುಂಟು. ನಡುವಿನ ತರಗತಿಗೆ ಬರುವ ಮಗುವಿಗೆ ಟಿ.ಸಿ. ಬೇಕು, ರಾಜ್ಯದೊಳಗಿನ ವರ್ಗಾವಣೆಯಾದರೆ ವಿದ್ಯಾರ್ಥಿಯ ಎಸ್.ಎ.ಟಿ.ಎಸ್. ಗುರುತಿನ ಸಂಖ್ಯೆಯೂ ಬೇಕು. ಹೊರರಾಜ್ಯದಿಂದ ಬರುವವರಿಗೆ ಇನ್ನೊಂದು ವಿಷಯ ಗೊತ್ತಿರಬೇಕು: 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ರಾಜ್ಯದ ಶಾಲೆಗಳು, ಯಾವ ಪಠ್ಯಕ್ರಮದವಾದರೂ, ಕನ್ನಡವನ್ನು ಕಲಿಸಬೇಕು. ಕನ್ನಡ ಮಾಧ್ಯಮದಿಂದ ಬರುವ ಮಗುವಿಗೆ ತೊಂದರೆ ಇದಕ್ಕೆ ತದ್ವಿರುದ್ಧ. ಎಲ್ಲವನ್ನೂ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಿಸಬೇಕಾಗುವುದರಿಂದ ಎರಡೂ ಮಾಧ್ಯಮಗಳಿರುವ ಶಾಲೆಯ ಆಸುಪಾಸಿನಲ್ಲಿ ಮನೆ ಮಾಡುವುದು ಆ ಮಗುವಿಗೆ ಹಿತ.

ಶಾಲೆ ಎಷ್ಟು ಕಿಲೋಮೀಟರ್ ದೂರ ಎಂದು ಕೇಳುವುದಕ್ಕಿಂತ ಶಾಲೆಯ ವಾಹನ ಬೆಳಿಗ್ಗೆ ಎಷ್ಟಕ್ಕೆ ಮನೆಯ ಬಳಿ ಬರುತ್ತದೆ ಎಂದು ಕೇಳಬೇಕು. ಐದು ಕಿಲೋಮೀಟರ್ ದೂರದ ಶಾಲೆಗೂ ವಾಹನ ಹತ್ತು ಬೀದಿ ಸುತ್ತಿ ಹೋದರೆ ಮಗು ಒಂದು ಗಂಟೆ ಒಳಗೆ ಕೂತಿರಬೇಕಾಗುತ್ತದೆ.

ನೀರಿನ ಲೆಕ್ಕ

ನಗರಗಳ ನೀರು ಪೂರೈಕೆಯ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕವಿದೆ. ನಾಲ್ಕು ಜನರ ಮನೆಗೆ ದಿನಕ್ಕೆ 540 ಲೀಟರ್, ತಿಂಗಳಿಗೆ ಸುಮಾರು 16,000 ಲೀಟರ್ ಆಯಿತು. ಇದಿಷ್ಟನ್ನೂ ಕೊಂಡುಕೊಳ್ಳಬೇಕಾದರೆ ತಿಂಗಳಿಗೆ 12,000 ಲೀಟರಿನ ಒಂದು ದೊಡ್ಡ ಟ್ಯಾಂಕರೂ ಸಾಲದು. ಬಟ್ಟೆ ಒಗೆಯುವುದು ಹೆಚ್ಚಿರುವ ಮಕ್ಕಳ ಮನೆಯಲ್ಲಿ ಬಾಡಿಗೆಯ ಜೊತೆ ನೀರಿನ ಖರ್ಚನ್ನೂ ಕೂಡಿಸಿ ನೋಡಿದರೆ ಹೊರವಲಯದ ಅಗ್ಗದ ಮನೆ ಅಷ್ಟೇನೂ ಅಗ್ಗವಲ್ಲ ಎಂದು ತಿಳಿಯುವುದುಂಟು.

ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪ್ ಆಗಿ ಬರುತ್ತದೆ. 110 ಹಳ್ಳಿಗಳ ಪ್ರದೇಶಕ್ಕೆಂದೇ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಹೊರವಲಯದ ಬಡಾವಣೆಗಳು ಟ್ಯಾಂಕರಿಗಾಗಿ ಪರದಾಡಿದ್ದವು. ಬೀದಿಯಲ್ಲಿ ಕೊಳವೆ ಹಾದುಹೋಗಿದೆ ಎಂದಮಾತ್ರಕ್ಕೆ ಮನೆಗೆ ಸಂಪರ್ಕವಿದೆ ಎಂದಲ್ಲ. ಮಾಲೀಕರು ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸಂಪರ್ಕ ಪಡೆದಿದ್ದಾರೆಯೇ ಎಂಬುದಕ್ಕೆ ಜಲಮಂಡಳಿಯ ಬಿಲ್ಲೇ ಸಾಕ್ಷಿ.

ಮನೆ ನೋಡಲು ಹೋದಾಗ ಗೇಟಿನ ಬಳಿಯೇ ಕೆಲವು ಕುರುಹು ಸಿಗುತ್ತವೆ. ಸಂಪಿನ ಮುಚ್ಚಳದ ಪಕ್ಕದಲ್ಲಿ ನೀರಿನ ಮೀಟರ್ ಇದ್ದು, ಅದರ ಗಾಜು ಒರೆಸಿದಂತಿದ್ದರೆ ಓದುವವರು ಬಂದುಹೋಗುತ್ತಾರೆ ಎಂದರ್ಥ. ಕಾಂಪೌಂಡಿನ ಮೇಲೆ ದಪ್ಪ ಪೈಪು ಎಳೆದ ಗೀರುಗಳಿದ್ದರೆ ಟ್ಯಾಂಕರು ಅಲ್ಲಿಗೆ ಹೊಸದಲ್ಲ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೆ ಬ್ರೋಕರಿನ ಉತ್ತರಕ್ಕಿಂತ ಮೂಲೆಯ ಅಂಗಡಿಯವರ, ಎದುರುಮನೆಯವರ ಉತ್ತರ ನಂಬಿಕೆಗೆ ಹತ್ತಿರ. ಬೇಸಿಗೆಯ ಮಾತನ್ನು ಬೇರೆಯಾಗಿಯೇ ಕೇಳಬೇಕು.

ಮಳೆ ನೀರು ಎಲ್ಲಿಗೆ ಹೋಗುತ್ತದೆ

ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆಗಳಿಂದ ಜೋಡಿಸಿದವು. ಕಾಲುವೆ ಕಿರಿದಾದಲ್ಲಿ, ಕೆರೆಯ ಅಂಗಳದಲ್ಲಿ ಕಟ್ಟಡ ಎದ್ದಲ್ಲಿ, ಜೋರು ಮಳೆ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ದುಬಾರಿ ಮನೆಗಳಿಂದಲೂ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಬಾಡಿಗೆ ಹೆಚ್ಚೆಂದಮಾತ್ರಕ್ಕೆ ಜಾಗ ಎತ್ತರದಲ್ಲಿದೆ ಎಂದು ನಂಬುವಂತಿಲ್ಲ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದ ಸರ್ವೆ ನಂಬರ್ ನೋಡಬಹುದು. ಹಳೆಯ ಕೆರೆ, ಕಾಲುವೆಗಳ ಗುರುತೂ ಅದರಲ್ಲಿ ಸಿಗುತ್ತದೆ. ಬೀದಿಯಲ್ಲಿ ನೋಡಬೇಕಾದವು ಇನ್ನೂ ಸರಳ: ಕಾಂಪೌಂಡ್ ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಹಾದುಹೋದ ಕಂದು ಗೆರೆ, ಬಾಗಿಲಿಗೆ ಆಮೇಲೆ ಕಟ್ಟಿದ ಎತ್ತರದ ಹೊಸ್ತಿಲು, ರಸ್ತೆಗಿಂತ ಕೆಳಗಿರುವ ನೆಲಮಹಡಿ. ಮಳೆ ನೀರು ನಿಲ್ಲುವ ಕಡೆ ಸೊಳ್ಳೆಯೂ ಹೆಚ್ಚು. ಡೆಂಗಿಯ ಕಾಲದಲ್ಲಿ ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ.

ಓಡಾಟ

ತಂದೆ ತಾಯಿಯ ಕಚೇರಿಗಳು ಎರಡು ದಿಕ್ಕಿನಲ್ಲಿದ್ದರೆ ನಡುವಿನ ಯಾವುದೋ ಬಡಾವಣೆ ಹಿಡಿಯುವುದಕ್ಕಿಂತ ಮೆಟ್ರೋ ಮಾರ್ಗವನ್ನು ಹಿಡಿಯುವುದು ಒಳ್ಳೆಯದು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ಸುಮಾರು 43 ಕಿಲೋಮೀಟರಿನ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ವೈಟ್‌ಫೀಲ್ಡಿನಲ್ಲಿ ಕೆಲಸವಿರುವವರು ಇದರಿಂದಾಗಿ ವಿಜಯನಗರದಲ್ಲಿ ಮನೆ ಮಾಡಿದರೂ ವಾಹನ ಬದಲಿಸದೆ ಹೋಗಿಬರಬಹುದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದಿಂದ ಎಲೆಕ್ಟ್ರಾನಿಕ್ ಸಿಟಿಯ ನೌಕರರಿಗೆ ಜಯನಗರ, ಬನಶಂಕರಿಯ ಕಡೆಯ ಹಳೆಯ ಬಡಾವಣೆಗಳು ಕೈಗೆಟುಕುವ ದೂರಕ್ಕೆ ಬಂದಿವೆ.

ಮುಂದೆ ಬರಲಿದೆ ಎಂಬ ಮಾರ್ಗವನ್ನು ನಂಬಿ ಈಗಲೇ ಮನೆ ಮಾಡುವುದು ಬೇರೆ ಮಾತು. ಈ ಹಳದಿ ಮಾರ್ಗವನ್ನು ಒಳಗೊಂಡ ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ರೈಲು ಓಡಿದ್ದು 2025ರ ಆಗಸ್ಟಿನಲ್ಲಿ. ಒಪ್ಪಿಗೆಯ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಪ್ರಾಥಮಿಕ ಶಾಲೆಯ ಬಹುಪಾಲನ್ನು ಮುಗಿಸಿರುತ್ತದೆ. ಇಂದು ಓಡುತ್ತಿರುವ ರೈಲು, ಇಂದು ಬರುತ್ತಿರುವ ಬಿ.ಎಂ.ಟಿ.ಸಿ. ಬಸ್ಸನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಇಬ್ಬರಲ್ಲಿ ಒಬ್ಬರಾದರೂ ಮಗುವಿನ ಶಾಲೆಗೆ ಅರ್ಧ ಗಂಟೆಯೊಳಗೆ ತಲುಪುವಂತಿರಬೇಕು. ಕಚೇರಿಯ ದೂರವನ್ನು ದೊಡ್ಡವರು ತಾಳಿಕೊಳ್ಳಬಹುದು; ಮಧ್ಯಾಹ್ನ ಶಾಲೆಯಿಂದ ಕರೆ ಬಂದಾಗ ಹೋಗುವವರಿಲ್ಲದಿದ್ದರೆ ಕಷ್ಟ.

ಬಾಡಿಗೆ ಮತ್ತು ಕಾಗದಪತ್ರ

ಹೊಸದಾಗಿ ಬರುವ ಕುಟುಂಬ ಮೊದಲ ವರ್ಷ ಬಾಡಿಗೆಗೆ ಇರುವುದು ಜಾಣತನ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಶಾಲಾ ವರ್ಷ ಕಳೆದಾಗ ಬಡಾವಣೆಯ ಗುಣದೋಷ ತಾನಾಗಿ ತಿಳಿಯುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವುದು ಬಹುಕಾಲದ ರೂಢಿ, ಚೌಕಾಸಿಗೆ ಅವಕಾಶವಿದೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ, ನೀರು ಮತ್ತು ಮೇಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯೇ ಎಂಬುದು ಕರಾರಿನಲ್ಲಿ ಬರೆದಿರಬೇಕು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕಾಗುವುದರಿಂದಲೇ ಕರಾರುಗಳು 11 ತಿಂಗಳಿಗೆ ನಿಲ್ಲುತ್ತವೆ. ಮಾಲೀಕರಿಗೆ ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟು ಬಾಡಿಗೆಯಿಲ್ಲದೆ ಇರುವ ಲೀಸ್, ಅಂದರೆ ಭೋಗ್ಯದ ಪದ್ಧತಿಯಲ್ಲಿ ಎಚ್ಚರ ಹೆಚ್ಚು ಬೇಕು. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಮಾಲೀಕರು ಕಟ್ಟದೆ ಹೋದರೆ ಭೋಗ್ಯದ ಹಣವೇ ಅಪಾಯಕ್ಕೆ ಸಿಕ್ಕಬಹುದು. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡುವುದು ಇಲ್ಲಿ ಮೊದಲ ಹೆಜ್ಜೆ.

ಕೊಳ್ಳುವವರು ಖಾತಾ ಎ ಆಗಿದೆಯೇ ಬಿ ಆಗಿದೆಯೇ, ಇ-ಖಾತಾ ಆಗಿದೆಯೇ, ಹೊಸ ಯೋಜನೆಯಾದರೆ ಕರ್ನಾಟಕ ರೇರಾದಲ್ಲಿ ನೋಂದಣಿಯಿದೆಯೇ ಎಂದು ವಕೀಲರಿಂದ ಪರಿಶೀಲಿಸಿಕೊಳ್ಳಬೇಕು.

ಕೊನೆಯ ಪಟ್ಟಿ

ಮೊದಲು ಎರಡು ಮೂರು ಶಾಲೆಗಳನ್ನು ಗುರುತಿಸಿ, ಅವುಗಳ ಸುತ್ತ ಮೂರು ಕಿಲೋಮೀಟರಿನೊಳಗಿನ ಬಡಾವಣೆಗಳನ್ನು ಪಟ್ಟಿ ಮಾಡಿದರೆ ನಗರ ಒಮ್ಮೆಲೇ ಚಿಕ್ಕದಾಗುತ್ತದೆ. ಅದರಲ್ಲಿ ನೀರಿನ ಭರವಸೆಯಿಲ್ಲದವು, ಮಳೆಗೆ ಮುಳುಗುವವು ಹೋಗಲಿ. ಉಳಿದವನ್ನು ಎರಡು ಹೊತ್ತಿನಲ್ಲಿ ನೋಡಬೇಕು: ವಾರದ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರ ನಡುವೆ ಒಮ್ಮೆ, ಸಂಜೆ ದೀಪ ಹತ್ತುವ ಹೊತ್ತಿಗೆ ಇನ್ನೊಮ್ಮೆ. ಬೆಳಿಗ್ಗೆ ಟ್ರಾಫಿಕ್ಕಿನ ನಿಜ ತಿಳಿಯುತ್ತದೆ. ಸಂಜೆ ಪಾರ್ಕಿನಲ್ಲಿ ಮಕ್ಕಳು ಆಡುತ್ತಿದ್ದಾರೆಯೇ, ಫುಟ್‌ಪಾತ್ ಮೇಲೆ ಮಗುವಿನ ಕೈಹಿಡಿದು ನಡೆಯಲು ಜಾಗವಿದೆಯೇ, ಬೀದಿನಾಯಿಗಳ ಕಾಟವಿದೆಯೇ, ದೀಪ ಉರಿಯುತ್ತವೆಯೇ ಎಂಬುದು ಕಾಣುತ್ತದೆ. ಭಾನುವಾರ ಮಧ್ಯಾಹ್ನ ನೋಡಿದರೆ ಇವೆರಡೂ ಮರೆಯಾಗುತ್ತವೆ.

ಹೀಗೆ ಉಳಿದ ಒಂದೆರಡು ಬಡಾವಣೆಗಳಲ್ಲಿ ಮನೆ ಹುಡುಕುವಾಗ ಕೋಣೆಯ ಅಳತೆಯಲ್ಲಿ, ಹೊಸತನದಲ್ಲಿ ರಾಜಿ ಮಾಡಿಕೊಳ್ಳಬೇಕಾಗಬಹುದು. ಅದೇ ಬಾಡಿಗೆಗೆ ದೂರದಲ್ಲಿ ದೊಡ್ಡ ಮನೆ ಸಿಗುತ್ತದೆ ಎಂಬುದು ನಿಜ. ಶಾಲೆ, ನೀರು, ಡಾಕ್ಟರು ಹತ್ತಿರವಿರುವ ಚಿಕ್ಕ ಮನೆಯಲ್ಲಿ ಮಗುವಿಗೆ ನಿದ್ದೆ ಮತ್ತು ಆಟಕ್ಕೆ ದಿನಕ್ಕೆ ಒಂದೆರಡು ಗಂಟೆ ಹೆಚ್ಚು ಉಳಿಯುತ್ತದೆ.